ಡೆಕಾರ್ಟ್‌ನಿಂದ ಕಾಂಟ್‌ವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

17 ಮತ್ತು 18ನೇ ಶತಮಾನದ ಯುರೋಪಿನ ತತ್ತ್ವಜ್ಞಾನಿಗಳ ಬಗ್ಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೊಂದು ಹೆಸರುವಾಸಿ ಮಾತನ್ನು ಹಿಡಿದುಕೊಂಡೇ ಕೇಳಿವೆ. ಆ ಮಾತು ಯಾವ ವಾದದ ಎಷ್ಟನೆಯ ಮೆಟ್ಟಿಲಲ್ಲಿ ಬರುತ್ತದೆ ಎಂದು ಗೊತ್ತಾಗದೆ ಅದನ್ನು ಒಪ್ಪುವುದೂ ಕಷ್ಟ, ತಳ್ಳಿಹಾಕುವುದೂ ಕಷ್ಟ. ಹಾಗಾಗಿ ಉತ್ತರಗಳಲ್ಲಿ ವಾದದ ಹಂತಗಳನ್ನು ಬಿಡಿಸಿಟ್ಟಿದ್ದೇವೆ.

ಪ್ರಶ್ನೆ: ‘ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎನ್ನುವಾಗ ಡೆಕಾರ್ಟ್ ಯೋಚನೆಗೇ ಯಾಕೆ ಅಷ್ಟು ಮಹತ್ವ ಕೊಡುತ್ತಾನೆ? ‘ನಾನು ನಡೆಯುತ್ತೇನೆ, ಆದ್ದರಿಂದ ಇದ್ದೇನೆ’ ಎಂದರೂ ಸಾಕಲ್ಲವೆ?
— ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಇದೇ ಆಕ್ಷೇಪವನ್ನು ಡೆಕಾರ್ಟ್‌ನ ಸಮಕಾಲೀನ ಪಿಯೆರ್ ಗಸೆಂದಿ ಎತ್ತಿದ್ದ. 1641ರಲ್ಲಿ ‘ಮೆಡಿಟೇಷನ್ಸ್’ ಅಚ್ಚಾದಾಗ ಅದರ ಜೊತೆಗೇ ಆರು ಕಂತು ಆಕ್ಷೇಪಗಳೂ ಅವಕ್ಕೆ ಡೆಕಾರ್ಟ್ ಕೊಟ್ಟ ಉತ್ತರಗಳೂ ಪ್ರಕಟವಾದವು. ಗಸೆಂದಿಯದು ಐದನೆಯ ಕಂತು.

ಆ ಕೃತಿಯ ಆರು ಭಾಗಗಳಿಗೆ ‘ಧ್ಯಾನ’ ಎಂದೇ ಹೆಸರು. ಉತ್ತರ ಸಿಗುವುದು ಮೊದಲನೆಯ ಧ್ಯಾನದ ಸಂದೇಹದ ಕ್ರಮದಲ್ಲಿ. ಮೊದಲು ದೂರದ, ಸಣ್ಣ ವಸ್ತುಗಳ ವಿಷಯದಲ್ಲಿ ಇಂದ್ರಿಯಗಳು ಮೋಸ ಮಾಡುತ್ತವೆ ಎಂದು ಶುರುವಾಗುತ್ತದೆ. ಆದರೆ ಬೆಂಕಿಯ ಪಕ್ಕ ಕುಳಿತಿದ್ದೇನೆ ಎಂಬ ಹತ್ತಿರದ ಅನುಭವ? ಅದು ಕನಸಾಗಿರಬಹುದು. ಕನಸಿನಲ್ಲೂ ಎರಡಕ್ಕೆ ಮೂರು ಕೂಡಿದರೆ ಐದೇ ಅಲ್ಲವೆ? ಅದನ್ನೂ ಅಲುಗಿಸಲು ಕೊನೆಗೆ ಸರ್ವಶಕ್ತ ವಂಚಕನೊಬ್ಬನನ್ನು ಡೆಕಾರ್ಟ್ ಕಲ್ಪಿಸಿಕೊಳ್ಳುತ್ತಾನೆ. ‘ನಾನು ನಡೆಯುತ್ತಿದ್ದೇನೆ’ ಎಂಬ ಮಾತು ಎರಡನೆಯ ಹಂತದಲ್ಲೇ ಬಿದ್ದುಹೋಗುತ್ತದೆ, ಏಕೆಂದರೆ ಕನಸಿನಲ್ಲಿ ಕಾಲು ಆಡದೆಯೂ ನಡೆದ ಅನುಭವವಾಗುತ್ತದೆ. ಯೋಚನೆ ಮಾತ್ರ ಕೊನೆಯ ಹಂತವನ್ನೂ ದಾಟುತ್ತದೆ. ವಂಚಕ ನನ್ನನ್ನು ವಂಚಿಸಬೇಕಾದರೂ ವಂಚನೆಗೆ ಒಳಗಾಗುವ ನಾನು ಇರಲೇಬೇಕು. ‘ನಡೆಯುತ್ತಿರುವಂತೆ ನನಗೆ ತೋರುತ್ತಿದೆ, ಆದ್ದರಿಂದ ಇದ್ದೇನೆ’ ಎಂದರೆ ಡೆಕಾರ್ಟ್ ಒಪ್ಪುತ್ತಾನೆ. ಆದರೆ ‘ತೋರುವುದು’ ಆಗಲೇ ಯೋಚನೆಯ ಒಂದು ಬಗೆ.

ಪರೀಕ್ಷೆಯಲ್ಲಿ ಬರೆಯುವಾಗ ಎರಡು ಎಚ್ಚರ ಬೇಕು. ಆ ಪ್ರಸಿದ್ಧ ವಾಕ್ಯ 1637ರ ಫ್ರೆಂಚ್ ‘ಡಿಸ್ಕೋರ್ಸ್’ನಲ್ಲಿ ಮತ್ತು 1644ರ ಲ್ಯಾಟಿನ್ ‘ಪ್ರಿನ್ಸಿಪಲ್ಸ್’ನಲ್ಲಿದೆ. ಎರಡನೆಯ ಧ್ಯಾನದಲ್ಲಿರುವುದು ‘ನಾನಿದ್ದೇನೆ’ ಎಂಬುದು ಅದನ್ನು ಹೇಳಿದಾಗಲೆಲ್ಲ, ಮನಸ್ಸಿನಲ್ಲಿ ಗ್ರಹಿಸಿದಾಗಲೆಲ್ಲ ನಿಜ ಎಂಬ ಮಾತು. ಇನ್ನೊಂದು: ‘ಯೋಚಿಸುವುದೆಲ್ಲ ಇರುತ್ತದೆ, ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂದು ಮೂರು ಸಾಲಿನ ಅನುಮಾನವಾಗಿ (ತಿಳಿದದ್ದರಿಂದ ತಿಳಿಯದ್ದನ್ನು ತೀರ್ಮಾನಿಸುವ ತರ್ಕವಾಗಿ) ಬರೆಯಬೇಡಿ. ಹಾಗೆ ಮಾಡಿದರೆ ಮೊದಲ ಸಾಲನ್ನು ಮೊದಲೇ ಸಾಧಿಸಬೇಕಾಗುತ್ತದೆ. ತಾನು ಹಾಗೆ ಅನುಮಾನಿಸುತ್ತಿಲ್ಲ, ಮನಸ್ಸು ಇದನ್ನು ನೇರವಾಗಿ ಕಾಣುತ್ತದೆ ಎಂದು ಡೆಕಾರ್ಟ್ ಎರಡನೆಯ ಕಂತಿನ ಉತ್ತರದಲ್ಲಿ ಸ್ಪಷ್ಟಪಡಿಸಿದ್ದಾನೆ.

ನಿಜವಾದ ತೊಡಕು ಮುಂದಿನ ಹೆಜ್ಜೆಯಲ್ಲಿದೆ. ಈ ಹಂತದಲ್ಲಿ ಸಿಕ್ಕಿರುವುದು ಯೋಚಿಸುತ್ತಿರುವಷ್ಟು ಹೊತ್ತಿನ ‘ನಾನು’ ಮಾತ್ರ. ದೇಹವಾಗಲಿ ನಿನ್ನೆಯ ನಾನಾಗಲಿ ಇನ್ನೊಬ್ಬರಾಗಲಿ ಇನ್ನೂ ಸಿಕ್ಕಿಲ್ಲ. ಅಲ್ಲಿಂದ ಹೊರಬರಲು ಅವನು ‘ಸ್ಪಷ್ಟವಾಗಿ, ವಿವಿಕ್ತವಾಗಿ (ಬೇರೆ ಯಾವುದರೊಡನೆಯೂ ಬೆರೆಯದಂತೆ) ಕಂಡದ್ದೆಲ್ಲ ಸತ್ಯ’ ಎಂಬ ನಿಯಮ ತರುತ್ತಾನೆ. ಆ ನಿಯಮಕ್ಕೆ ಆಧಾರ ವಂಚಿಸದ ದೇವರು, ಆ ದೇವರನ್ನು ಸಾಧಿಸುವುದು ಅದೇ ನಿಯಮದಿಂದ. ಈ ಸುತ್ತನ್ನು ನಾಲ್ಕನೆಯ ಕಂತಿನಲ್ಲಿ ಆಂತ್ವಾನ್ ಅರ್ನೊ ಗುರುತಿಸಿದ. ಗಮನವಿಟ್ಟು ನೋಡುತ್ತಿರುವಾಗ ದೇವರ ಖಾತರಿ ಬೇಡ, ಹಿಂದೆ ಸಾಧಿಸಿದ್ದನ್ನು ನೆನಪಿನಿಂದ ಬಳಸುವಾಗ ಮಾತ್ರ ಬೇಕು ಎಂದು ಡೆಕಾರ್ಟ್ ಉತ್ತರಿಸಿದ. ಇದರಿಂದ ತೊಡಕಿನ ಅರ್ಧ ಭಾಗ ಮಾತ್ರ ಪರಿಹಾರವಾಗುತ್ತದೆ ಎನ್ನುವುದು ನಮ್ಮ ಅಭಿಪ್ರಾಯ. ಒಂದು ವಿಷಯವನ್ನು ಸಂದೇಹಿಸಲು ನನ್ನಿಂದ ಆಗುತ್ತಿಲ್ಲ ಎಂಬುದು ಅದು ಸತ್ಯ ಎನ್ನುವುದಕ್ಕೆ ಸಾಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಮನಸ್ಸು ಬೇರೆ, ದೇಹ ಬೇರೆ ಎಂದ ಮೇಲೆ ಮನಸ್ಸು ಕೈಯನ್ನು ಎತ್ತಿಸುವುದು ಹೇಗೆ?
— ಓದುಗರು, ಧಾರವಾಡ

ಉತ್ತರ: ಹೇಗ್‌ನಲ್ಲಿ ದೇಶಭ್ರಷ್ಟ ಕುಟುಂಬದೊಂದಿಗಿದ್ದ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರ ಮೇ ತಿಂಗಳಲ್ಲಿ ಡೆಕಾರ್ಟ್‌ಗೆ ಬರೆದ ಪತ್ರದ ತಿರುಳು ಇದೇ. ಆಗ ಅವಳಿಗೆ 24 ವರ್ಷ. ಒಂದು ವಸ್ತು ಚಲಿಸಬೇಕಾದರೆ ಅದನ್ನು ಏನಾದರೂ ತಳ್ಳಬೇಕು. ತಳ್ಳಲು ಸ್ಪರ್ಶ ಬೇಕು, ಸ್ಪರ್ಶಕ್ಕೆ ವಿಸ್ತಾರ, ಅಂದರೆ ಜಾಗ ಆವರಿಸುವ ಗುಣ, ಬೇಕು. ಆತ್ಮಕ್ಕೆ ವಿಸ್ತಾರವೇ ಇಲ್ಲ ಎಂದು ನೀವೇ ಹೇಳಿದ್ದೀರಿ. ಹಾಗಾದರೆ ತಳ್ಳುವುದು ಹೇಗೆ? ಅವಳು ಕೇಳಿದ್ದು ಇಷ್ಟು.

ಆತ್ಮ, ದೇಹ, ಇವೆರಡರ ಐಕ್ಯ ಎಂಬ ಮೂರು ಮೂಲಭೂತ ಕಲ್ಪನೆಗಳಿವೆ, ಮೂರನೆಯದನ್ನು ಮೊದಲಿನ ಎರಡರಿಂದ ವಿವರಿಸಲು ಹೋಗಬಾರದು ಎಂದು ಡೆಕಾರ್ಟ್ ಉತ್ತರಿಸಿದ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ವಿಸ್ತಾರವಿಲ್ಲದ ಆತ್ಮ ದೇಹವನ್ನು ಚಲಿಸುತ್ತದೆ ಎನ್ನುವುದಕ್ಕಿಂತ ಆತ್ಮಕ್ಕೇ ವಿಸ್ತಾರವಿದೆ ಎಂದು ಒಪ್ಪುವುದು ಸುಲಭ ಎಂದು ಮರುಪತ್ರ ಬರೆದಳು. ಮಿದುಳಿನೊಳಗಿನ ಪೀನಿಯಲ್ ಗ್ರಂಥಿಯೇ ಡೆಕಾರ್ಟ್‌ನ ಉತ್ತರ ಎಂದು ಕೆಲವು ನೋಟ್ಸ್‌ಗಳಲ್ಲಿ ಬರೆದಿರುತ್ತದೆ. ಅದು ಎಲ್ಲಿ ಎಂಬುದಕ್ಕೆ ಉತ್ತರ, ಹೇಗೆ ಎಂಬುದಕ್ಕಲ್ಲ.

ಮುಂದಿನವರು ಸಂಪರ್ಕವನ್ನೇ ಕೈಬಿಟ್ಟರು. ಮಾಲ್‌ಬ್ರಾಂಶ್ ಪ್ರತಿ ಚಲನೆಯನ್ನೂ ದೇವರಿಗೆ ಒಪ್ಪಿಸಿದ. ಲೈಬ್ನಿಟ್ಸ್ ಮನಸ್ಸು ದೇಹಗಳೆರಡೂ ಮೊದಲೇ ಹೊಂದಿಸಿಟ್ಟಂತೆ ತಮ್ಮತಮ್ಮ ಪಾಡಿಗೆ ನಡೆಯುತ್ತವೆ ಎಂದ. ಸ್ಪಿನೋಜ ಅವೆರಡೂ ಒಂದೇ ವಸ್ತುವಿನ ಎರಡು ಅಭಿವ್ಯಕ್ತಿಗಳು, ಒಂದು ಇನ್ನೊಂದನ್ನು ತಳ್ಳುವ ಮಾತೇ ಇಲ್ಲ ಎಂದ.

ಪ್ರಶ್ನೆ: ಸ್ಪಿನೋಜನ ದೇವರು ಅದ್ವೈತದ ಬ್ರಹ್ಮವೇ ಎಂದು ಒಂದು ಉಪನ್ಯಾಸದಲ್ಲಿ ಕೇಳಿದೆ. ಸರಿಯೆ?
— ಓದುಗರು, ಶೃಂಗೇರಿ

ಉತ್ತರ: ಅರ್ಧ ದೂರ ಮಾತ್ರ ಸರಿ. ‘ಎಥಿಕ್ಸ್’ ಕೃತಿ ಸ್ಪಿನೋಜ ತೀರಿಕೊಂಡ ವರ್ಷವಾದ 1677ರಲ್ಲಿ ಅಚ್ಚಾಯಿತು. ಅದರ ಮೊದಲ ಭಾಗದ 14ನೇ ಪ್ರತಿಜ್ಞೆ (ಸಾಧಿಸಿ ತೋರಿಸುವ ವಾಕ್ಯ) ದೇವರ ಹೊರತು ಬೇರೆ ದ್ರವ್ಯವಿಲ್ಲ, ಅಂದರೆ ತನ್ನಷ್ಟಕ್ಕೆ ತಾನೇ ಇರುವ ವಸ್ತುವಿಲ್ಲ ಎನ್ನುತ್ತದೆ. 15ನೆಯದು ಇರುವುದೆಲ್ಲ ದೇವರಲ್ಲೇ ಇದೆ ಎನ್ನುತ್ತದೆ. ಹೋಲಿಕೆ ಇಲ್ಲಿಯವರೆಗೆ.

ಶಂಕರರ ಬ್ರಹ್ಮ ನಿರ್ಗುಣ, ಪರಮಾರ್ಥದಲ್ಲಿ ಜಗತ್ತು ಮಿಥ್ಯೆ. ಸ್ಪಿನೋಜನ ದ್ರವ್ಯಕ್ಕೆ ಅನಂತ ಗುಣಗಳಿವೆ, ಅವುಗಳಲ್ಲಿ ನಮಗೆ ತಿಳಿದಿರುವುದು ಚಿಂತನೆ ಮತ್ತು ವಿಸ್ತಾರ ಎಂಬ ಎರಡು. ಮೇಜು, ಮರ, ನಿಮ್ಮ ದೇಹ ಎಲ್ಲವೂ ಆ ದ್ರವ್ಯದ ನಿಜವಾದ ಪ್ರಕಾರಗಳು. ಜ್ಞಾನ ಬಂದಾಗ ಬಾಧಿತವಾಗುವ, ಅಂದರೆ ಸುಳ್ಳೆಂದು ತಿಳಿಯುವ ತೋರಿಕೆಗಳಲ್ಲ. ಮನಸ್ಸು ಎಂದರೇನು ಎಂದು ಕೇಳಿದರೆ ಎರಡನೆಯ ಭಾಗದ 13ನೇ ಪ್ರತಿಜ್ಞೆಯಲ್ಲಿ ಅವನು ಕೊಡುವ ಉತ್ತರ ‘ದೇಹದ ಕಲ್ಪನೆ’ ಎಂಬುದು. ಅದ್ವೈತಿ ಇದನ್ನು ಒಪ್ಪಲಾರ.

ಚಿತ್ತೂ (ಚೇತನವೂ) ಅಚಿತ್ತೂ (ಜಡವೂ) ಸತ್ಯ, ಎರಡೂ ಈಶ್ವರನನ್ನು ಆಶ್ರಯಿಸಿವೆ ಎನ್ನುವ ವಿಶಿಷ್ಟಾದ್ವೈತ ಈ ಒಂದು ಅಂಶದಲ್ಲಿ ಅವನಿಗೆ ಹೆಚ್ಚು ಹತ್ತಿರ. ಆದರೆ ರಾಮಾನುಜರ ಈಶ್ವರ ಕರುಣಾಮಯಿ, ಶರಣಾದವನನ್ನು ಕಾಯುವವನು. ಸ್ಪಿನೋಜ ಐದನೆಯ ಭಾಗದ 19ನೇ ಪ್ರತಿಜ್ಞೆಯಲ್ಲಿ ದೇವರನ್ನು ಪ್ರೀತಿಸುವವನು ದೇವರು ತನ್ನನ್ನು ಮರಳಿ ಪ್ರೀತಿಸಲೆಂದು ಯತ್ನಿಸಲಾರ ಎನ್ನುತ್ತಾನೆ. ಭಕ್ತಿಪರಂಪರೆಯಲ್ಲಿ ಬೆಳೆದ ಓದುಗರಿಗೆ ಇಡೀ ಗ್ರಂಥದಲ್ಲಿ ಅತ್ಯಂತ ಕಠಿಣವಾಗಿ ತೋರುವ ಸಾಲು ಇದೇ ಇರಬೇಕು.

ಪ್ರಶ್ನೆ: ಬಣ್ಣ, ರುಚಿ, ಬಿಸಿ ಇವೆಲ್ಲ ವಸ್ತುವಿನಲ್ಲಿಲ್ಲ, ನಮ್ಮ ಕಲ್ಪನೆ ಎಂದು ಲಾಕ್ ಹೇಳಿದ್ದು ನಿಜವೆ? ಇದನ್ನು ತರಗತಿಯಲ್ಲಿ ತೋರಿಸುವ ದಾರಿ ಇದೆಯೆ?
— ಪಿಯು ಉಪನ್ಯಾಸಕರು, ತುಮಕೂರು

ಉತ್ತರ: ‘ಕಲ್ಪನೆ’ ಎಂದು ಲಾಕ್ ಹೇಳಿಲ್ಲ. ಅವನ ‘ಎಸ್ಸೇ’ 1689ರ ಕೊನೆಯಲ್ಲಿ ಹೊರಬಂತು, ಮುಖಪುಟದಲ್ಲಿ 1690 ಎಂದಿದೆ. ಅದರ ಎರಡನೆಯ ಪುಸ್ತಕದ 8ನೇ ಅಧ್ಯಾಯ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು. ಆಕಾರ, ಗಾತ್ರ, ಸಂಖ್ಯೆ, ಚಲನೆ, ಘನತ್ವ ಇವು ಪ್ರಾಥಮಿಕ ಗುಣಗಳು. ನಮ್ಮಲ್ಲಿ ಉಂಟಾಗುವ ಇವುಗಳ ಅರಿವು ವಸ್ತುವಿನಲ್ಲಿರುವುದನ್ನೇ ಹೋಲುತ್ತದೆ. ಬಣ್ಣ, ರುಚಿ, ವಾಸನೆ, ಬಿಸಿ ಇವು ದ್ವಿತೀಯಕ. ವಸ್ತುವಿನ ಸೂಕ್ಷ್ಮಕಣಗಳ ರಚನೆಗೆ ನಮ್ಮಲ್ಲಿ ಆ ಸಂವೇದನೆ ಹುಟ್ಟಿಸುವ ಶಕ್ತಿಯಿದೆ. ಶಕ್ತಿ ವಸ್ತುವಿನಲ್ಲೇ ಇದೆ. ಸಂವೇದನೆಯನ್ನು ಹೋಲುವ ಏನೋ ಒಂದು ಅಲ್ಲಿಲ್ಲ ಎನ್ನುವುದಷ್ಟೇ ಅವನ ವಾದ.

ತರಗತಿಗೆ ಅವನೇ ಕೊಟ್ಟ ನೀರಿನ ಪ್ರಯೋಗ ಸಾಕು. ಮೂರು ಅಗಲ ಪಾತ್ರೆ ತೆಗೆದುಕೊಳ್ಳಿ. ಒಂದರಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿನೀರು, ಇನ್ನೊಂದರಲ್ಲಿ ಸುಮಾರು 15 ಡಿಗ್ರಿಯ ತಣ್ಣೀರು, ನಡುವಿನದರಲ್ಲಿ 28 ಡಿಗ್ರಿಯ ಆಸುಪಾಸಿನ ನೀರು ಇರಲಿ. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣನೆಯದರಲ್ಲಿ ಎರಡು ನಿಮಿಷ ಇಟ್ಟು, ಆಮೇಲೆ ಎರಡನ್ನೂ ಒಟ್ಟಿಗೆ ನಡುವಿನ ಪಾತ್ರೆಗೆ ಹಾಕಬೇಕು. ಅದೇ ನೀರು ಒಂದು ಕೈಗೆ ತಂಪು, ಇನ್ನೊಂದಕ್ಕೆ ಬಿಸಿ. ಅರ್ಧ ನಿಮಿಷಕ್ಕೇ ಕೈ ತೆಗೆದರೆ ಅಥವಾ ಒಂದಾದ ಮೇಲೊಂದು ಕೈ ಅದ್ದಿದರೆ ವ್ಯತ್ಯಾಸ ಮಂಕಾಗುತ್ತದೆ. ಮಕ್ಕಳ ಕೈ, ಬಿಸಿ 40 ಡಿಗ್ರಿ ಮೀರದಿರಲಿ.

ಪ್ರಯೋಗದ ಎರಡನೆಯ ಅರ್ಧವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಒಂದೇ ವಸ್ತು ಒಂದು ಕೈಗೆ ಚೌಕವಾಗಿ, ಇನ್ನೊಂದಕ್ಕೆ ಗುಂಡಗೆ ತಾಗುವುದಿಲ್ಲ ಎಂದು ಲಾಕ್ ಅಲ್ಲೇ ಸೇರಿಸುತ್ತಾನೆ. ಒಂದು ಘನವನ್ನೂ ಎರಡೂ ಕೈಯಲ್ಲಿ ಹಿಡಿಸಿ. ವಾದ ನಿಂತಿರುವುದು ಆ ವ್ಯತ್ಯಾಸದ ಮೇಲೆ. ಬರ್ಕ್ಲಿ ಹೊಡೆತ ಕೊಟ್ಟದ್ದೂ ಅಲ್ಲಿಗೇ: ಗಾತ್ರವೂ ನೋಡುವವನನ್ನು ಅವಲಂಬಿಸಿ ಬದಲಾಗುತ್ತದೆ, ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣದಾದ ನುಸಿಯ ಕಾಲು ನುಸಿಗೆ ಸಾಕಷ್ಟು ದೊಡ್ಡದಾಗಿಯೇ ಕಾಣಬೇಕು ಎಂದು ಅವನು 1713ರ ‘ಮೂರು ಸಂವಾದಗಳು’ ಕೃತಿಯಲ್ಲಿ ವಾದಿಸಿದ.

ಪ್ರಶ್ನೆ: ಮೊಲಿನೊ ಸಮಸ್ಯೆಗೆ ಉತ್ತರ ಸಿಕ್ಕಿದೆಯೆ?
— ವೈದ್ಯ ವಿದ್ಯಾರ್ಥಿ, ಮಂಗಳೂರು

ಉತ್ತರ: ಸಮಸ್ಯೆ ಇದು. ಹುಟ್ಟಿನಿಂದ ದೃಷ್ಟಿಯಿಲ್ಲದ, ಮುಟ್ಟಿ ಘನ ಯಾವುದು ಗೋಳ ಯಾವುದು ಎಂದು ಗುರುತಿಸಬಲ್ಲ ವ್ಯಕ್ತಿಗೆ ದೃಷ್ಟಿ ಬಂದರೆ, ಮುಟ್ಟದೆ ನೋಡಿದ ಮಾತ್ರಕ್ಕೆ ಅವನು ಅವನ್ನು ಗುರುತಿಸುವನೆ? ಡಬ್ಲಿನ್‌ನ ವಿಲಿಯಂ ಮೊಲಿನೊ ಕೇಳಿದ್ದನ್ನು ಲಾಕ್ 1694ರ ಎರಡನೆಯ ಆವೃತ್ತಿಯಲ್ಲಿ ಸೇರಿಸಿದ. ಇಬ್ಬರ ಉತ್ತರವೂ ‘ಇಲ್ಲ’. ಮುಂದಿರುವುದು ಘನ ಮತ್ತು ಗೋಳ ಎಂದು ಮೊದಲೇ ತಿಳಿಸಿದ್ದರೆ, ಒಂದಕ್ಕೆ ಮೂಲೆಗಳಿವೆ ಇನ್ನೊಂದಕ್ಕಿಲ್ಲ ಎಂಬುದರಿಂದ ಲೆಕ್ಕಹಾಕಿ ಗುರುತಿಸಬಲ್ಲ ಎಂದು ಲೈಬ್ನಿಟ್ಸ್ ಹೇಳಿದ.

2011ರಲ್ಲಿ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ 5 ಮಕ್ಕಳ ಅಧ್ಯಯನವನ್ನು ಪವನ್ ಸಿನ್ಹಾ ಮತ್ತು ಸಂಗಡಿಗರು ಪ್ರಕಟಿಸಿದರು. ಮುಟ್ಟಿದ್ದನ್ನು ಕಂಡದ್ದಕ್ಕೆ ಹೊಂದಿಸುವಲ್ಲಿ ಮಕ್ಕಳು ಮೊದಲಿಗೆ ಊಹೆಗಿಂತ ಹೆಚ್ಚೇನೂ ಯಶಸ್ವಿಯಾಗಲಿಲ್ಲ. ಕಂಡದ್ದನ್ನು ಕಂಡದ್ದಕ್ಕೆ ಹೊಂದಿಸುವುದು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು, ಆದ್ದರಿಂದ ಸರಿಯಾಗಿ ಕಾಣಿಸಲಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ. ಕೆಲವೇ ದಿನಗಳಲ್ಲಿ ಅವರು ಸುಧಾರಿಸಿದರು. ಫಲಿತಾಂಶ ಲಾಕ್ ಪರ ವಾಲುತ್ತದೆ. ಆದರೆ ಇಷ್ಟು ಬೇಗ ಕಲಿತದ್ದು ಹೇಗೆ ಎಂಬುದು ಹೊಸ ಪ್ರಶ್ನೆ, ಮತ್ತು ಲೈಬ್ನಿಟ್ಸ್ ಹಾಕಿದ್ದ ಷರತ್ತಿಗೆ ಇದು ನೇರ ಪರೀಕ್ಷೆಯಲ್ಲ.

ಪ್ರಶ್ನೆ: ಕಲ್ಲನ್ನು ಒದ್ದು ಬರ್ಕ್ಲಿಯನ್ನು ಖಂಡಿಸಬಹುದಲ್ಲವೆ?
— ಓದುಗರು, ಬಳ್ಳಾರಿ

ಉತ್ತರ: ಅರಿವಿನ ಹೊರಗೆ ಜಡದ್ರವ್ಯವಿಲ್ಲ ಎಂಬ ಬರ್ಕ್ಲಿಯ ವಾದವನ್ನು ಹೀಗೆ ಖಂಡಿಸುತ್ತೇನೆ ಎಂದು ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ 1763ರಲ್ಲಿ ಹಾರ್ವಿಚ್‌ನಲ್ಲಿ ಕಲ್ಲನ್ನು ಒದ್ದ. ಅದು ಖಂಡನೆಯಾಗಲಿಲ್ಲ. ಒದ್ದಾಗ ಸಿಕ್ಕಿದ್ದು ಗಡಸು, ನೋವು, ತಡೆ. ಮೂರೂ ಸಂವೇದನೆಗಳೇ, ಮೂರನ್ನೂ ಬರ್ಕ್ಲಿ ಮನಃಪೂರ್ವಕ ಒಪ್ಪುತ್ತಾನೆ. ಕಲ್ಲು ಇಲ್ಲ ಎಂದು ಅವನು ಎಲ್ಲೂ ಹೇಳಿಲ್ಲ. ಯಾರ ಅರಿವಿಗೂ ಸಿಗದೆ ಅದರ ಹಿಂದೆ ನಿಂತಿರುವ ‘ಜಡದ್ರವ್ಯ’ ಇಲ್ಲ ಎಂದ. ಕಂಡ ಕಲ್ಲಿಗೂ ಕಲ್ಪಿಸಿದ ಕಲ್ಲಿಗೂ ಅವನು ಅಂತರ ಇಟ್ಟಿದ್ದಾನೆ: ಮೊದಲನೆಯದು ಹೆಚ್ಚು ಸ್ಫುಟ, ಕ್ರಮಬದ್ಧ, ನಮ್ಮ ಇಚ್ಛೆಗೆ ಬಗ್ಗುವುದಿಲ್ಲ.

ಖಂಡಿಸುವುದಿದ್ದರೆ ಅವನ ಆಧಾರವಾಕ್ಯಗಳನ್ನು ಹಿಡಿಯಬೇಕು. 1710ರ ‘ಪ್ರಿನ್ಸಿಪಲ್ಸ್’ನ 4ನೇ ಪರಿಚ್ಛೇದದಲ್ಲಿ ವಾದ ಹೀಗಿದೆ: ಮನೆ, ಬೆಟ್ಟ, ನದಿ ನಾವು ಇಂದ್ರಿಯದಿಂದ ಅರಿಯುವ ವಸ್ತುಗಳು, ನಾವು ಅರಿಯುವುದು ನಮ್ಮದೇ ಸಂವೇದನೆಗಳನ್ನು, ಅರಿಯದೆ ಇರುವ ಸಂವೇದನೆ ಎಂಬುದಿಲ್ಲ. ದುರ್ಬಲವಾಗಿರುವುದು ಎರಡನೆಯ ವಾಕ್ಯ. ಬ್ರಹ್ಮಸೂತ್ರ 2.2.28ರ ಭಾಷ್ಯದಲ್ಲಿ ಅರಿವಿನ ಹೊರಗೆ ವಸ್ತುವಿಲ್ಲ ಎನ್ನುವ ಬೌದ್ಧ ವಿಜ್ಞಾನವಾದಿಗಳನ್ನು ಎದುರಿಸುವಾಗ ಶಂಕರರು ಕೈಹಾಕಿದ್ದು ಇದೇ ಜಾಗಕ್ಕೆ: ಯಾರೂ ತಮ್ಮ ಅರಿವನ್ನೇ ಕಂಬವೆಂದೂ ಗೋಡೆಯೆಂದೂ ಅರಿಯುವುದಿಲ್ಲ, ಕಂಬ ಗೋಡೆಗಳನ್ನು ಅರಿವಿನ ವಿಷಯವಾಗಿ ಅರಿಯುತ್ತಾರೆ. ಜಾನ್ಸನ್‌ನ ಒದೆತಕ್ಕಿಂತ ಇದು ಎಷ್ಟೋ ಬಲವಾದ ಉತ್ತರ.

ಪ್ರಶ್ನೆ: ನಾಳೆ ಸೂರ್ಯ ಹುಟ್ಟುತ್ತಾನೆಂದು ಸಾಧಿಸಲಾಗದು ಎಂದು ಹ್ಯೂಮ್ ಹೇಳಿದನಂತೆ. ಸಾವಿರಾರು ವರ್ಷ ದಿನವೂ ಹುಟ್ಟಿದ್ದೇ ಪುರಾವೆಯಲ್ಲವೆ? ಭೂಮಿ ತಿರುಗುವುದಕ್ಕೆ ಭೌತನಿಯಮವೇ ಇದೆಯಲ್ಲ?
— ನಿವೃತ್ತ ವಿಜ್ಞಾನ ಶಿಕ್ಷಕರು, ಹಾಸನ

ಉತ್ತರ: ಈ ಪ್ರಶ್ನೆಗೆ ಜಾಗ ಹೆಚ್ಚು ಬೇಕು. ಆ ಕಾಲದ ತತ್ತ್ವಶಾಸ್ತ್ರದಲ್ಲಿ ಇಂದಿಗೂ ಪೂರ್ತಿ ಉತ್ತರ ಸಿಗದ ವಾದ ಯಾವುದು ಎಂದರೆ ನಾವು ಇದನ್ನೇ ತೋರಿಸುತ್ತೇವೆ.

1748ರ ‘ಎನ್‌ಕ್ವೈರಿ’ಯ 4ನೇ ವಿಭಾಗ ತೆರೆಯಿರಿ. ಹ್ಯೂಮ್ ಮೊದಲು ತಿಳಿವನ್ನು ಎರಡಾಗಿ ವಿಂಗಡಿಸುತ್ತಾನೆ. ಮೂರೈದಲೆ ಎಂದರೆ ಮೂವತ್ತರ ಅರ್ಧ ಎಂಬಂಥವು ಕಲ್ಪನೆಗಳ ನಡುವಿನ ಸಂಬಂಧಗಳು, ಇವುಗಳ ವಿರುದ್ಧವನ್ನು ಯೋಚಿಸಿದರೆ ವಿರೋಧಾಭಾಸ ಬರುತ್ತದೆ. ಇನ್ನೊಂದು ಬಗೆ, ಜಗತ್ತಿನಲ್ಲಿ ನಡೆಯುವ ಸಂಗತಿಗಳು. ‘ನಾಳೆ ಸೂರ್ಯ ಹುಟ್ಟುವುದಿಲ್ಲ’ ಎಂಬ ವಾಕ್ಯ ಸುಳ್ಳಾಗಬಹುದು, ಆದರೆ ಅದರಲ್ಲಿ ವಿರೋಧಾಭಾಸವಿಲ್ಲ. ಹಾಗಾಗಿ ನಾಳೆಯ ಸೂರ್ಯೋದಯ ಗಣಿತದಂತೆ ಸಿದ್ಧವಾಗುವ ಸಂಗತಿಯಲ್ಲ.

ಈಗ ಕಣ್ಣಿಗೆ ಕಾಣದ, ನೆನಪಿನಲ್ಲೂ ಇಲ್ಲದ ಸಂಗತಿಯನ್ನು ನಂಬುವಾಗಲೆಲ್ಲ ನಾವು ಕಾರ್ಯಕಾರಣ ಸಂಬಂಧವನ್ನು ನೆಚ್ಚುತ್ತೇವೆ. ಆ ಸಂಬಂಧ ತಿಳಿಯುವುದು ಎಲ್ಲಿಂದ? ವಸ್ತುವನ್ನು ಎಷ್ಟು ದಿಟ್ಟಿಸಿದರೂ ಸಿಗುವುದಿಲ್ಲ. ಪೂರ್ಣ ಬುದ್ಧಿಯೊಂದಿಗೆ ಹುಟ್ಟಿದ ಆದಮನೂ ನೀರಿನ ತಿಳಿತನವನ್ನು ನೋಡಿ ಅದು ತನ್ನನ್ನು ಉಸಿರುಗಟ್ಟಿಸುತ್ತದೆ ಎಂದು ಊಹಿಸಲಾರ. ಒಂದು ಬಿಲಿಯರ್ಡ್ಸ್ ಚೆಂಡು ಇನ್ನೊಂದಕ್ಕೆ ತಾಗುವ ಮೊದಲು ನೂರು ಬಗೆಯ ಫಲಿತಾಂಶಗಳನ್ನು ಕಲ್ಪಿಸಬಹುದು. ಹಾಗಾದರೆ ಅನುಭವದಿಂದ ತಿಳಿಯಬೇಕು.

ನಿಮ್ಮ ಎರಡು ಪ್ರಶ್ನೆಗಳೂ ಇಲ್ಲಿಗೆ ಬಂದು ನಿಲ್ಲುತ್ತವೆ. ಅನುಭವ ಹೇಳುವುದು ಈವರೆಗೆ ಹೀಗಾಯಿತು ಎಂದು. ಮುಂದೆಯೂ ಹೀಗೆಯೇ ಎನ್ನಲು ನಡುವೆ ‘ಮುಂದಿನದು ಹಿಂದಿನದನ್ನು ಹೋಲುತ್ತದೆ’ ಎಂಬ ಇನ್ನೊಂದು ವಾಕ್ಯ ಬೇಕು. ಅದನ್ನು ಗಣಿತದಂತೆ ಸಾಧಿಸಲಾಗದು, ಪ್ರಕೃತಿಯ ನಡೆ ಬದಲಾಗುವುದನ್ನು ವಿರೋಧಾಭಾಸವಿಲ್ಲದೆ ಯೋಚಿಸಬಹುದು. ಅನುಭವದಿಂದ ಸಾಧಿಸೋಣ ಎಂದರೆ, ‘ಹಿಂದೆಲ್ಲ ಮುಂದಿನದು ಹಿಂದಿನದನ್ನು ಹೋಲಿತ್ತು, ಆದ್ದರಿಂದ ಇನ್ನು ಮುಂದೆಯೂ ಹೋಲುತ್ತದೆ’ ಎಂದು ಹೇಳಬೇಕು. ಸಾಧಿಸಬೇಕಾದದ್ದನ್ನೇ ಆಧಾರವಾಗಿ ಬಳಸಿದಂತಾಯಿತು. ಭೂಮಿ ತಿರುಗುವ ನಿಯಮವೂ ಹಿಂದಿನ ವೀಕ್ಷಣೆಗಳಿಂದಲೇ ಸಿದ್ಧವಾದದ್ದು. ಭೂಮಿಯ ಕೋನೀಯ ಸಂವೇಗ (ತಿರುಗುವಿಕೆಯ ಪ್ರಮಾಣ) ನಾಳೆಯೂ ಉಳಿಯುತ್ತದೆ ಎನ್ನುವುದಕ್ಕೆ ಅದೇ ನಡುವಿನ ವಾಕ್ಯ ಬೇಕು. ‘ಖಚಿತವಲ್ಲದಿದ್ದರೂ ಸಂಭವನೀಯತೆ ಹೆಚ್ಚು’ ಎಂದರೂ ಪಾರಾಗುವುದಿಲ್ಲ, ಏಕೆಂದರೆ ಹಿಂದಿನ ಎಣಿಕೆಯನ್ನು ನಾಳೆಗೆ ಅನ್ವಯಿಸುವ ಕ್ಷಣದಲ್ಲೇ ಆ ವಾಕ್ಯವನ್ನು ಬಳಸಿಯಾಗಿರುತ್ತದೆ.

ಇಲ್ಲಿಂದ ಬರುವ ತೀರ್ಮಾನವನ್ನು ತಪ್ಪಾಗಿ ಓದುವುದು ತುಂಬ ಸಾಮಾನ್ಯ. ನಂಬಬೇಡಿ ಎಂದು ಹ್ಯೂಮ್ ಹೇಳಲಿಲ್ಲ. ಆ ನಂಬಿಕೆಯನ್ನು ಹುಟ್ಟಿಸಿದ್ದು ತರ್ಕವಲ್ಲ ಎಂದ. 5ನೇ ವಿಭಾಗದಲ್ಲಿ ಅವನು ಕೊಡುವ ಉತ್ತರ ಅಭ್ಯಾಸ: ಎರಡು ಸಂಗತಿ ಮತ್ತೆ ಮತ್ತೆ ಜೊತೆಯಾಗಿ ಬಂದರೆ ಒಂದನ್ನು ಕಂಡ ಮನಸ್ಸು ಇನ್ನೊಂದನ್ನು ತಾನಾಗಿ ನಿರೀಕ್ಷಿಸುತ್ತದೆ. ಮಕ್ಕಳೂ ಪ್ರಾಣಿಗಳೂ ತರ್ಕವಿಲ್ಲದೆ ಬದುಕುವುದು ಹೀಗೆಯೇ. ಕಾರ್ಯಕಾರಣದ ನಡುವೆ ನಾವು ‘ಅನಿವಾರ್ಯ ನಂಟು’ ಎನ್ನುವುದು ಮನಸ್ಸಿನ ಈ ಜಾರುವಿಕೆಯ ಅನುಭವ ಎಂದು 7ನೇ ವಿಭಾಗ ಹೇಳುತ್ತದೆ. ಕಾರಣವಿಲ್ಲದೆ ಏನಾದರೂ ಹುಟ್ಟಬಹುದು ಎಂಬ ಅಸಂಬದ್ಧ ಮಾತನ್ನು ತಾನೆಂದೂ ಆಡಿಲ್ಲ ಎಂದು 1754ರ ಒಂದು ಪತ್ರದಲ್ಲಿ ಅವನೇ ಬರೆದಿದ್ದಾನೆ.

ಇದರ ದೊಡ್ಡ ಪಾಲು ನಮ್ಮವರಿಗೆ ಹೊಸದಲ್ಲ. 14ನೇ ಶತಮಾನದ ವಿಜಯನಗರದ ಮಾಧವರ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯದಲ್ಲಿ, ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕ ಇದೇ ರೀತಿ ಕೇಳುತ್ತಾನೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಎಂಬ ವ್ಯಾಪ್ತಿ (ಎಂದೂ ತಪ್ಪದ ಜೊತೆ) ತಿಳಿದದ್ದು ಹೇಗೆ? ಪ್ರತ್ಯಕ್ಷ ಹಿಂದಿನ, ಮುಂದಿನ ಎಲ್ಲ ಹೊಗೆಯನ್ನೂ ಮುಟ್ಟುವುದಿಲ್ಲ. ಅನುಮಾನದಿಂದ ಎಂದರೆ ಆ ಅನುಮಾನಕ್ಕೆ ಇನ್ನೊಂದು ವ್ಯಾಪ್ತಿ, ಅದಕ್ಕೆ ಮತ್ತೊಂದು. ಕೆಲವೊಮ್ಮೆ ಫಲ ಸಿಗುವುದು ಮಣಿ, ಮಂತ್ರ, ಔಷಧಗಳಂತೆ ಆಕಸ್ಮಿಕ ಎಂದು ಅವನು ಮುಗಿಸುತ್ತಾನೆ. ಅವನ ಗುರಿ ಅನುಮಾನವನ್ನು ಪ್ರಮಾಣಗಳ, ಅಂದರೆ ನಂಬಬಹುದಾದ ತಿಳಿವಿನ ಸಾಧನಗಳ, ಪಟ್ಟಿಯಿಂದ ತೆಗೆಯುವುದು. ಹ್ಯೂಮ್‌ಗೆ ಬೇಕಿದ್ದುದು ನಂಬಿಕೆ ಹುಟ್ಟುವ ಬಗೆಯ ವಿವರಣೆ. ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ವಿದ್ಯಾರ್ಥಿಗೆ ಎರಡೂ ಗಟ್ಟಿಯಾಗಿ ಅರ್ಥವಾಗುತ್ತವೆ.

ಪ್ರಶ್ನೆ: ಹ್ಯೂಮ್‌ಗೆ ಕಾಂಟ್ ಕೊಟ್ಟ ಉತ್ತರವನ್ನು ಚಿಕ್ಕದಾಗಿ ಹೇಳಬಹುದೆ?
— ಎಂ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಕಾಂಟ್‌ನ ಎರಡು ಉದಾಹರಣೆ ನೆನಪಿಡಿ. ಒಂದು ಮನೆಯನ್ನು ನೋಡುವಾಗ ಸೂರಿನಿಂದ ಬುಡಕ್ಕೆ ಅಥವಾ ಬುಡದಿಂದ ಸೂರಿಗೆ ಹೇಗೆ ಬೇಕಾದರೂ ಕಣ್ಣು ಹಾಯಿಸಬಹುದು. ಹೊಳೆಯ ಹರಿವಿನೊಂದಿಗೆ ಕೆಳಗೆ ಹೋಗುವ ಹಡಗನ್ನು ನೋಡುವಾಗ ಮೊದಲು ಮೇಲೆ, ಆಮೇಲೆ ಕೆಳಗೆ ಎಂಬ ಕ್ರಮ ನನ್ನ ಕೈಯಲ್ಲಿಲ್ಲ. ಎರಡೂ ಸಲ ನನ್ನಲ್ಲಿ ಸಂವೇದನೆಗಳು ಒಂದಾದ ಮೇಲೊಂದು ಬಂದವು. ಆದರೂ ಮೊದಲನೆಯದರಲ್ಲಿ ಏನೂ ಘಟಿಸಲಿಲ್ಲ, ಎರಡನೆಯದರಲ್ಲಿ ಒಂದು ಘಟನೆ ನಡೆಯಿತು. ಈ ಅಂತರವನ್ನು ಗುರುತಿಸಲು ಕ್ರಮವನ್ನು ಕಟ್ಟಿಹಾಕುವ ನಿಯಮವೊಂದು, ಅಂದರೆ ಕಾರಣತ್ವ, ಆಗಲೇ ಬಳಕೆಯಲ್ಲಿರಬೇಕು. ಕಾರಣತ್ವ ಅನುಭವದಿಂದ ಆಯ್ದುಕೊಂಡದ್ದಲ್ಲ, ಘಟನೆಗಳ ಅನುಭವ ಸಾಧ್ಯವಾಗುವುದೇ ಅದರಿಂದ. 1781ರ ‘ಕ್ರಿಟಿಕ್’ನಲ್ಲಿ ‘ಎರಡನೆಯ ಸಾದೃಶ್ಯ’ ಎಂಬ ಭಾಗದಲ್ಲಿ ಇದು ಬರುತ್ತದೆ.

ಆದರೆ ಪ್ರತಿ ಘಟನೆಗೂ ಒಂದು ಕಾರಣವಿದೆ ಎಂಬುದು ಇದರಿಂದ ಸಿಕ್ಕರೂ, ಈ ಕಾರಣಕ್ಕೆ ನಾಳೆಯೂ ಇದೇ ಫಲ ಎಂಬುದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಸನದ ಓದುಗರ ಪ್ರಶ್ನೆ ಇಲ್ಲೂ ಬೆನ್ನು ಬಿಡುವುದಿಲ್ಲ.

ಪ್ರಶ್ನೆ: ‘ಪ್ರಕೃತಿಯಲ್ಲಿ ಬಲಿಷ್ಠರೇ ಉಳಿಯುತ್ತಾರೆ, ಆದ್ದರಿಂದ ದುರ್ಬಲರಿಗೆ ನೆರವು ತಪ್ಪು’ ಎಂದು ವಾದಿಸುವವರಿಗೆ ಏನು ಹೇಳುವುದು?
— ಓದುಗರು, ಕಲಬುರಗಿ

ಉತ್ತರ: ಬಿಟ್ಟುಹೋದ ವಾಕ್ಯವನ್ನು ಕೇಳಿ. 1740ರಲ್ಲಿ ಬಂದ ‘ಟ್ರೀಟಿಸ್’ನ ಮೂರನೆಯ ಪುಸ್ತಕದ ಮೊದಲ ವಿಭಾಗದ ಕೊನೆಯ ಪರಿಚ್ಛೇದದಲ್ಲಿ ಹ್ಯೂಮ್ ಇದನ್ನೇ ಗಮನಿಸುತ್ತಾನೆ: ‘ಇದೆ’, ‘ಇಲ್ಲ’ ಎಂದು ಸಾಗುತ್ತಿದ್ದ ಬರಹಗಾರರು ಏಕಾಏಕಿ ‘ಬೇಕು’, ‘ಬಾರದು’ ಎಂದು ಶುರುಮಾಡುತ್ತಾರೆ, ಆ ಹೊಸ ಸಂಬಂಧ ಎಲ್ಲಿಂದ ಬಂತೆಂದು ವಿವರಿಸುವುದಿಲ್ಲ. ನಿಮ್ಮ ಉದಾಹರಣೆ ನಿಲ್ಲಬೇಕಾದರೆ ‘ಪ್ರಕೃತಿಯಲ್ಲಿ ನಡೆಯುವುದನ್ನು ನಾವೂ ನಡೆಸಬೇಕು’ ಎಂಬ ವಾಕ್ಯ ಸೇರಬೇಕು. ಅದನ್ನು ಬಾಯಿಬಿಟ್ಟು ಹೇಳಿಸಿದರೆ ಹೆಚ್ಚಿನವರು ಒಪ್ಪದೆ ಹಿಂದೆ ಸರಿಯುತ್ತಾರೆ. ಒಪ್ಪಿದವರು ಕಾಯಿಲೆಗೆ ಔಷಧ ಯಾಕೆ ತೆಗೆದುಕೊಳ್ಳುತ್ತಾರೆ ಎಂದು ಕೇಳಬಹುದು.

ಪ್ರಶ್ನೆ: ಕಾಂಟ್‌ನ ‘ನಿನ್ನ ನಡೆಯ ಸೂತ್ರ ಎಲ್ಲರ ನಿಯಮವಾಗಲಿ ಎಂದು ಬಯಸಬಲ್ಲೆಯಾ’ ಎಂಬ ಪರೀಕ್ಷೆಯನ್ನು ಬಳಸುವುದು ಹೇಗೆ? ‘ಎಲ್ಲರೂ ಸುಳ್ಳಾಡಿದರೆ ಸಮಾಜ ಹಾಳಾಗುತ್ತದೆ’ ಎಂದಷ್ಟೇ ತಾನೆ?
— ಶಿಕ್ಷಕಿ, ಉಡುಪಿ

ಉತ್ತರ: ಅಷ್ಟೇ ಅಲ್ಲ. ಸಮಾಜ ಹಾಳಾಗುವುದು ಪರಿಣಾಮದ ಮಾತು. ಕಾಂಟ್ ಹುಡುಕುವುದು ವಿರೋಧಾಭಾಸವನ್ನು. 1785ರ ‘ಗ್ರೌಂಡ್‌ವರ್ಕ್’ನ ಎರಡನೆಯ ವಿಭಾಗದಲ್ಲಿರುವ ಸಾಲದ ಉದಾಹರಣೆಯನ್ನೇ ತೆಗೆದುಕೊಳ್ಳಿ.

ಮೊದಲು ಸೂತ್ರ ಬರೆಯಿರಿ: ‘ನನಗೆ ಹಣದ ಅಡಚಣೆ ಬಂದಾಗ, ತೀರಿಸಲಾಗದೆಂದು ಗೊತ್ತಿದ್ದರೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಪಡೆಯುತ್ತೇನೆ.’ ಇದರಲ್ಲಿ ಸಂದರ್ಭ, ಕ್ರಿಯೆ, ಉದ್ದೇಶ ಮೂರೂ ಇರಬೇಕು. ಇನ್ನು ಇದು ಪ್ರಕೃತಿನಿಯಮದಂತೆ ಎಲ್ಲರಲ್ಲೂ ನಡೆಯುತ್ತದೆ ಎಂದುಕೊಳ್ಳಿ. ಆ ಜಗತ್ತಿನಲ್ಲಿ ಇಂಥ ಮಾತನ್ನು ಯಾರೂ ನಂಬುವುದಿಲ್ಲ. ನಂಬದ ಕಡೆ ಮಾತು ಕೊಟ್ಟು ಸಾಲ ಪಡೆಯುವ ಕ್ರಿಯೆಯೇ ಇರುವುದಿಲ್ಲ. ಅಂದರೆ ನನ್ನ ಸೂತ್ರ ಎಲ್ಲರದ್ದಾದ ಕೂಡಲೇ ನನ್ನ ಉಪಾಯವೇ ಇಲ್ಲವಾಗುತ್ತದೆ. ಉಳಿದವರು ಮಾತು ಉಳಿಸಿಕೊಳ್ಳಲಿ, ನಾನೊಬ್ಬ ಮಾತ್ರ ಮುರಿಯುತ್ತೇನೆ ಎನ್ನುವವನಿಗೇ ಈ ಸೂತ್ರ ಫಲ ಕೊಡುವುದು. ತಪ್ಪು ಇರುವುದು ಅಲ್ಲಿ.

ಎರಡನೆಯ ಬಗೆಯ ವೈಫಲ್ಯ ಬೇರೆ. ‘ಯಾರಿಗೂ ನೆರವಾಗುವುದಿಲ್ಲ’ ಎಂಬ ಸೂತ್ರ ಎಲ್ಲರದ್ದಾದರೂ ಜಗತ್ತು ನಡೆಯಬಹುದು. ಆದರೆ ಅದನ್ನು ನಾನು ಬಯಸಲಾರೆ, ನನಗೂ ನೆರವು ಬೇಕಾಗುವ ದಿನ ಬರುತ್ತದೆ. ಸುಳ್ಳು ವಚನ ಕೊಡದಿರುವುದು ಪೂರ್ಣ ಕರ್ತವ್ಯ, ರಿಯಾಯಿತಿ ಇಲ್ಲ. ನೆರವು ಅಪೂರ್ಣ ಕರ್ತವ್ಯ, ಯಾರಿಗೆ ಎಷ್ಟು ಎನ್ನುವಲ್ಲಿ ಆಯ್ಕೆಯಿದೆ.

ತರಗತಿಯಲ್ಲಿ ಇದು ಕೆಡುವುದು ಮೊದಲ ಹಂತದಲ್ಲೇ. ‘ನೀಲಿ ಅಂಗಿ ತೊಟ್ಟ ಸೋಮವಾರ ಸುಳ್ಳಾಡುತ್ತೇನೆ’ ಎಂದು ಸೂತ್ರವನ್ನು ಕಿರಿದು ಮಾಡಿದರೆ ಯಾವ ಸುಳ್ಳೂ ಪಾಸಾಗುತ್ತದೆ. ಅಂಗಿಯಾಗಲಿ ವಾರವಾಗಲಿ ನಿಮ್ಮನ್ನು ಆ ಕೆಲಸಕ್ಕೆ ಹಚ್ಚಿದ್ದಲ್ಲ, ಆದ್ದರಿಂದ ಅವಕ್ಕೆ ಸೂತ್ರದಲ್ಲಿ ಜಾಗವಿಲ್ಲ. ತಿರುಗಿ, ‘ಸಂಜೆ ಐದಕ್ಕೆ ಗ್ರಂಥಾಲಯಕ್ಕೆ ಹೋಗುತ್ತೇನೆ’ ಎಂಬ ನಿರಪರಾಧಿ ಸೂತ್ರ, ಎಲ್ಲರೂ ಒಮ್ಮೆಗೇ ಹೋಗಲಾಗದ್ದರಿಂದ ಫೇಲಾಗುವಂತೆ ಕಾಣುತ್ತದೆ. ನಿಜವಾದ ಸೂತ್ರ ‘ಜನ ಕಡಿಮೆ ಇರುವಾಗ ಹೋಗುತ್ತೇನೆ’ ಎಂದು ಬರೆದರೆ ತೊಂದರೆ ಇಲ್ಲ. ಸೂತ್ರವನ್ನು ಎಷ್ಟು ವಿವರವಾಗಿ ಬರೆಯಬೇಕು ಎಂಬುದಕ್ಕೆ ಕಾಂಟ್ ಸಾಕಷ್ಟು ಮಾರ್ಗದರ್ಶನ ಕೊಟ್ಟಿಲ್ಲ ಎಂಬ ದೂರು ನ್ಯಾಯವಾದದ್ದೇ. ಸಂದೇಹ ಬಂದರೆ ಅವನ ಇನ್ನೊಂದು ರೂಪವನ್ನು ಬಳಸಿ: ಮನುಷ್ಯರನ್ನು ಎಂದೂ ಬರೀ ಸಾಧನವಾಗಿ ನೋಡದೆ ಗುರಿಯಾಗಿಯೂ ನೋಡು. ಸಾಲ ಕೊಡುವವನಿಗೆ ನನ್ನ ನಿಜ ಉದ್ದೇಶ ಗೊತ್ತಿದ್ದರೆ ಒಪ್ಪುತ್ತಿದ್ದನೆ ಎಂದು ಕೇಳಿದರೆ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ.

ಕೊಲೆಗಾರನೊಬ್ಬ ಬಾಗಿಲಿಗೆ ಬಂದು ನಿಮ್ಮ ಮನೆಯಲ್ಲಿ ಅಡಗಿದವನನ್ನು ಕೇಳಿದರೂ ಸುಳ್ಳಾಡಬಾರದು ಎಂದು 1797ರ ಒಂದು ಲೇಖನದಲ್ಲಿ ಕಾಂಟ್ ಪಟ್ಟುಹಿಡಿದ. ಆ ತೀರ್ಮಾನ ಅವನ ಪರೀಕ್ಷೆಯಿಂದ ತಾನಾಗಿ ಬರುವುದಿಲ್ಲ ಎನ್ನುವುದು ನಮ್ಮ ನಿಲುವು. ‘ನಿರಪರಾಧಿಯ ಜೀವ ಉಳಿಸಲು ಕೊಲೆಗಾರನ ದಾರಿ ತಪ್ಪಿಸುತ್ತೇನೆ’ ಎಂಬ ಸೂತ್ರ ಎಲ್ಲರದ್ದಾದರೂ, ತನ್ನ ಕೊಲೆಯ ಉದ್ದೇಶ ಈ ಮನೆಯವರಿಗೆ ಗೊತ್ತೆಂದು ಕೊಲೆಗಾರನಿಗೆ ತಿಳಿಯದಿರುವವರೆಗೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಮಾತನಾಡದೆ ಬಾಗಿಲು ಮುಚ್ಚುವ ದಾರಿಯಂತೂ ಕಾಂಟ್‌ನನ್ನು ಒಪ್ಪುವವನಿಗೂ ತೆರೆದೇ ಇದೆ.

ಪ್ರಶ್ನೆ: ಇವರನ್ನೆಲ್ಲ ಮೂಲದಲ್ಲೇ (ಅನುವಾದದಲ್ಲಾದರೂ) ಓದಬೇಕೆಂದಿದ್ದೇನೆ. ಯಾವುದರಿಂದ ಶುರು ಮಾಡಲಿ?
— ಓದುಗರು, ಮಸ್ಕತ್

ಉತ್ತರ: ‘ಮೆಡಿಟೇಷನ್ಸ್’ನಿಂದ. ಆರೇ ಧ್ಯಾನಗಳು, ದಿನಕ್ಕೊಂದು ಸಾಕು. ಮುಗಿದ ಕೂಡಲೇ ಅರ್ನೊ ಆಕ್ಷೇಪಗಳನ್ನೂ ಎಲಿಜಬೆತ್ ಪತ್ರಗಳನ್ನೂ ಓದಿ. ಆಮೇಲೆ ಬರ್ಕ್ಲಿಯ ‘ಮೂರು ಸಂವಾದಗಳು’, ಸಂಭಾಷಣೆಯ ರೂಪದಲ್ಲಿರುವುದರಿಂದ ಸುಲಭ. ಹ್ಯೂಮ್‌ನ ‘ಎನ್‌ಕ್ವೈರಿ’ಯಲ್ಲಿ 12 ವಿಭಾಗಗಳಿವೆ. 2, 4, 5, 7 ಮೊದಲು. ಲಾಕ್‌ನ ‘ಎಸ್ಸೇ’ ನಾಲ್ಕು ಪುಸ್ತಕಗಳ ದೊಡ್ಡ ಗ್ರಂಥ. ಎರಡನೆಯ ಪುಸ್ತಕದ 1, 8, 9, 27ನೇ ಅಧ್ಯಾಯಗಳನ್ನು ಓದಿ ನಿಲ್ಲಿಸಿದರೂ ತಪ್ಪಿಲ್ಲ. 27ನೆಯದು ಎರಡನೆಯ ಆವೃತ್ತಿಯಲ್ಲಿ ಸೇರಿದ್ದು, ವ್ಯಕ್ತಿಯೊಬ್ಬ ಕಾಲಾಂತರದಲ್ಲಿ ಅದೇ ವ್ಯಕ್ತಿಯಾಗಿ ಉಳಿಯುವುದು ಹೇಗೆ ಎಂಬ ಚರ್ಚೆ.

ಲೈಬ್ನಿಟ್ಸ್‌ನ ‘ಮೊನಡಾಲಜಿ’ 90 ಪುಟ್ಟ ಪರಿಚ್ಛೇದಗಳಷ್ಟೇ ಎಂದು ಅದರಿಂದ ಶುರುಮಾಡಬೇಡಿ. ಅದು ಅವನ ಕೊನೆಯ ವರ್ಷಗಳ ಸಾರಾಂಶ, ವಾದಗಳು ಬೇರೆಡೆ ಇವೆ. 1686ರ ‘ಡಿಸ್ಕೋರ್ಸ್ ಆನ್ ಮೆಟಫಿಸಿಕ್ಸ್’ ಮೊದಲು ಓದಿ. ಕಾಂಟ್‌ಗೆ 1783ರ ‘ಪ್ರೊಲೆಗೊಮಿನ’ ಬಾಗಿಲು. ‘ಕ್ರಿಟಿಕ್’ ಅರ್ಥವಾಗಲಿಲ್ಲ ಎಂದವರಿಗೆಂದೇ ಅವನು ಬರೆದದ್ದು. ಸ್ಪಿನೋಜನ ‘ಎಥಿಕ್ಸ್’ನಲ್ಲಿ ಮೊದಲ ಪುಟದ ವ್ಯಾಖ್ಯೆಗಳಲ್ಲೇ ಸಿಕ್ಕಿಕೊಂಡು ಕೈಬಿಡುವವರು ಬಹಳ. ಮೊದಲ ಭಾಗದ ಕೊನೆಯ ಅನುಬಂಧವನ್ನು ಮೊದಲು ಓದಿ, ಪ್ರಕೃತಿಗೆ ಉದ್ದೇಶಗಳಿವೆ ಎಂದು ಮನುಷ್ಯರು ಯಾಕೆ ಭಾವಿಸುತ್ತಾರೆ ಎಂದು ಅಲ್ಲಿ ಬಿಡುಗದ್ಯದಲ್ಲಿ ಹೇಳಿದ್ದಾನೆ. ಆಮೇಲೆ ಮೂರನೆಯ ಭಾಗದ ಮುನ್ನುಡಿ. ಆ ಎರಡು ಹಿಡಿಸಿದ ಮೇಲೆ ಮೊದಲ ಪುಟಕ್ಕೆ ಹಿಂತಿರುಗಿ.